ಒಂದು ಶಬ್ದದ ಅಜ್ಜಿ

ಆಯಿ ಇವತ್ತು ಮಧ್ಯಾಹ್ನದ ಬಸ್ಸಿಗೆ ಬರುತ್ತಾಳೆಂದು ಗೊತ್ತಾದಾಗಿನಿಂದ ಜೆಸ್ಸಿಕಾಳ ಕೈಗೆ ನೀರಿನ ಬಿಸಿಯ ಅಂದಾಜೇ ತಪ್ಪಿತ್ತು. ಬಾಲ್ದಿಗೆ ಎರಡು ಸಲ ತಣ್ಣೀರು ಬೆರೆಸಿದಳು, ಮತ್ತೆ ಒಂದು ತಂಬಿಗೆ ಬಿಸಿನೀರು ಸುರಿದಳು, ಮೊಣಕೈ ಅದ್ದಿ ನೋಡಿದಳು, ಆದರೂ ನಂಬಿಕೆ ಬರಲಿಲ್ಲ. ಕೊನೆಗೆ ಟವೆಲು ಹಿಂಡಿ ಸಿಸ್ಟರ್ ಪಿಲಾರರ ಬೆನ್ನಿಗೆ ಒತ್ತಿದಾಗ, ಎಲುಬಿನ ಮೇಲೆ ಬರೀ ಒಂದು ಪದರ ಕಾಗದ ಅಂಟಿಸಿದಂತಿದ್ದ ಆ ಬೆನ್ನು ಒಮ್ಮೆ ನಡುಗಿ ಸುಮ್ಮನಾಯಿತು. "ಆಯಾ," ಎಂದರು ಸಿಸ್ಟರ್. ಬೈದದ್ದಲ್ಲ, ಏನನ್ನೋ ಕೇಳಿದ್ದೂ ಅಲ್ಲ. ಕರೆಂಟು ಹೋದಾಗ ಗೋಡೆ ಎಲ್ಲಿದೆಯೆಂದು ಕೈಚಾಚಿ ಮುಟ್ಟಿ ನೋಡುತ್ತಾರಲ್ಲ, ಹಾಗೆ. "ಇಲ್ಲೇ ಅದೀನ್ರಿ, ಸಿಸ್ಟರ್," ಎಂದಳು ಜೆಸ್ಸಿಕಾ. ನಾಲ್ಕು ತಿಂಗಳಿಂದ ದಿನಕ್ಕೆ ಇಪ್ಪತ್ತು ಸಲ ಈ ಶಬ್ದ ಅವಳ ಕಿವಿಗೆ ಬೀಳುತ್ತಿತ್ತು. ಇಪ್ಪತ್ತು ಸಲವೂ ಪಕ್ಕೆಯ ಕೆಳಗೆ ಎಲ್ಲೋ ಒಂದು ಸಣ್ಣ ಮುಳ್ಳು ಅಲುಗಾಡುತ್ತಿತ್ತು. ಬೇರೆಯವರಿಗೆ ಅದರಲ್ಲೇನೂ ವಿಶೇಷವಿಲ್ಲ. ದಾಂಡೇಲಿಯ ಈ ಮಠದಲ್ಲಿ, ಮುಪ್ಪಿನ ಸಿಸ್ಟರುಗಳನ್ನು ಮಲಗಿಸುವ ಈ ಕೋಣೆಯಲ್ಲಿ, ಅವಳ ಕೆಲಸವೇ ಆಯಾ ಕೆಲಸ. ಆದರೆ ಇವತ್ತು ಆಯಿ, ಅವಳ ಅಪ್ಪನ ಅವ್ವ, ಮಂಚದ ಪಕ್ಕದ ಆ ಸ್ಟೂಲಿನ ಮೇಲೆ ಬಂದು ಕೂರುತ್ತಾಳೆ. ಸಿಸ್ಟರ್ ಆಯಾ ಎನ್ನುತ್ತಾರೆ. ಆಯಿ ಕೇಳಿಸಿಕೊಳ್ಳುತ್ತಾಳೆ. ಆಗ ತಾನು ಯಾವ ಕಡೆ ನೋಡಬೇಕು ಎನ್ನುವುದೇ ಜೆಸ್ಸಿಕಾಳಿಗೆ ತಿಳಿಯದಾಗಿತ್ತು.

ಸಿಸ್ಟರ್ ಪಿಲಾರ್ ಸ್ಪೇನಿನವರು. ಇಪ್ಪತ್ತಾರರ ವಯಸ್ಸಿಗೆ ಬಂದವರಿಗೆ ಈಗ ಎಂಬತ್ತೆಂಟು. ಹಳಿಯಾಳ, ಜೋಯಿಡಾದ ಕಾಡಿನ ಕೇರಿಗಳಿಗೆ ಔಷಧದ ಚೀಲ ಹೆಗಲಿಗೇರಿಸಿ ನಡೆದೇ ಹೋಗುತ್ತಿದ್ದರಂತೆ. ಜೆಸ್ಸಿಕಾಳ ಅಪ್ಪ ಇನಾಸ ಹುಟ್ಟುವಾಗ ಅಡ್ಡ ಮಲಗಿದ್ದ ಕೂಸನ್ನು ತಿರುಗಿಸಿ ಹೊರಗೆ ತಂದದ್ದು ಇವೇ ಕೈಗಳು, ಈಗ ಚಮಚ ಹಿಡಿಯಲಾರದ ಕೈಗಳು. ಕೊಂಕಣಿ, ಕನ್ನಡ, ಮರಾಠಿ, ಇಂಗ್ಲಿಷ್ ಎಲ್ಲವೂ ಅವರ ನಾಲಗೆಯ ಮೇಲಿದ್ದವು. ಹೋದ ವರ್ಷದಿಂದ ಒಂದೊಂದಾಗಿ, ಯಾರಿಗೂ ಹೇಳದೆ, ಅವು ಎದ್ದು ಹೋಗತೊಡಗಿದವು. ಮೊದಲು ಇಂಗ್ಲಿಷ್ ಹೋಯಿತು. ಜೆಸ್ಸಿಕಾ ಕೆಲಸಕ್ಕೆ ಸೇರಿದಾಗ ಕನ್ನಡ ಇನ್ನೂ ಇತ್ತು. "ಜೆಸ್ಸಿಕಾ, ಕಿಡಕಿ ತೆಗಿಯವ್ವಾ" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅವರ ಬಾಯಲ್ಲಿ ಅವಳ ಹೆಸರು ಹೆಸ್ಸಿಕಾ ಎಂದಾಯಿತು. ಸ್ಪೇನಿನ ಮಾತಿನಲ್ಲಿ ಜೆ ಅಕ್ಷರಕ್ಕೆ ಹಕಾರವೇ ಅಂತೆ. ಬಾಗಿಲಲ್ಲಿ ನಿಂತಿದ್ದ ಅಡಿಗೆಯ ಮಾಲವ್ವ ಸೌಟು ಹಿಡಿದುಕೊಂಡೇ "ಏನಂದ್ರು? ಹೇಸಿಗಿ ಅಂದ್ರ?" ಎಂದು ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಚೌಕಟ್ಟಿಗೆ ಆತು ನಿಲ್ಲಬೇಕಾಯಿತು. ಒಂದು ವಾರ ಅಡಿಗೆಮನೆಯಲ್ಲಿ ಅದೇ ಹೆಸರು ನಡೆಯಿತು. "ಏ ಹೇಸಿಗಿ, ಚಾ ಆರತೈತಿ, ಬಾ." ಮಾಲವ್ವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಗಂಡ ಪೇಪರ್ ಮಿಲ್ಲಿನಿಂದ ಬರುವಾಗ ತಂದುಕೊಟ್ಟ ಮಿರ್ಚಿ ಭಜಿಯಲ್ಲಿ ಅವಳಿಗೂ ಒಂದು ಎತ್ತಿಡುವವಳು. ಜೆಸ್ಸಿಕಾ ತಾನೂ ನಕ್ಕಿದ್ದಳು. ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಿದ್ದಳು. ಮುಂದೆ ಆ ಹೆಸರೂ ಸಿಸ್ಟರಿಗೆ ಮರೆತು, ಅದರ ಜಾಗದಲ್ಲಿ ಆಯಾ ಬಂದು ಕೂತಿತು. ಹೇಸಿಗಿಯಾದರೂ ಇರಬಾರದಿತ್ತೆ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ತೋಳು ಎತ್ತಿ ಒರೆಸುವಾಗ ನೀರಿನೊಳಗಿನ ಡೆಟಾಲು ಮೂಗಿಗೆ ಬಡಿಯಿತು. ಏಳನೆಯ ಇಯತ್ತೆಯ ಕೋಣೆಯ ನೆಲ ಹೀಗೇ ನಾರುತ್ತಿತ್ತು. ಸಹನಾ ಆ ವರ್ಷವಷ್ಟೇ ಅಂಬಿಕಾನಗರದ ಕ್ವಾರ್ಟರ್ಸು ಬಿಟ್ಟು ಹಳಿಯಾಳದ ಶಾಲೆಗೆ ಬಂದವಳು, ಇಂಜಿನಿಯರರ ಮಗಳು. ಬೆಂಚಿನಲ್ಲಿ ಜೆಸ್ಸಿಕಾಳ ಪಕ್ಕದ ಜಾಗ ಯಾವತ್ತೂ ಖಾಲಿ ಇರುತ್ತಿತ್ತು. ಅವಳು ತಾನಾಗಿ ಬಂದು ಅಲ್ಲಿ ಕೂತಳು. ಬೇರೆ ಹುಡುಗಿಯರು ಹಿಂದಿನಿಂದ ಬಂದು ಜೆಸ್ಸಿಕಾಳ ಗುಂಗುರು ಕೂದಲನ್ನು ಬೆರಳಿನಿಂದ ಒತ್ತಿ, ಅದು ಪುಟಿದೇಳುವುದನ್ನು ನೋಡಿ ಓಡಿಹೋಗುವರು. ಸಹನಾ "ಮುಟ್ಟಲೇನ?" ಎಂದು ಕೇಳಿ ಮುಟ್ಟಿದ್ದಳು. ಹಾಗೆ ಕೇಳಿದವರು ಅವಳೊಬ್ಬಳೇ. ಅದಕ್ಕಾಗಿ ಜೆಸ್ಸಿಕಾ ಅವಳಿಗೆ ಏನನ್ನು ಬೇಕಾದರೂ ಕೊಡಬಲ್ಲವಳಾಗಿದ್ದಳು, ಏನು ಕೇಳಿದರೂ. ಆ ದಿನ ಮೂರನೆಯ ತಾಸಿನಲ್ಲಿ ಸಹನಾ ಬೆಂಚಿನ ಮೇಲೇ ವಾಂತಿ ಮಾಡಿಕೊಂಡಳು. ಪಾಠ ಮಾಡುತ್ತಿದ್ದ ಬಾಯಿಯವರು ಕೂಗಿದರು, ಆಯಿ ಬೂದಿಯ ಬುಟ್ಟಿ ಮತ್ತು ಬಾಲ್ದಿ ಹಿಡಿದು ಬಂದಳು. ಆ ಶಾಲೆಯಲ್ಲಿ ಆಯಿ ಕಸ ಗುಡಿಸುತ್ತಿದ್ದಳು, ನೀರು ತುಂಬುತ್ತಿದ್ದಳು, ಗಂಟೆ ಹೊಡೆಯುತ್ತಿದ್ದಳು. ಮೊಮ್ಮಗಳಿಗೆ ಅಲ್ಲಿ ಸೀಟು ಸಿಕ್ಕದ್ದೂ ಅದರಿಂದಲೇ. ಇದು ಕೆಲವರಿಗೆ ಗೊತ್ತಿತ್ತು, ಸಹನಾಳಿಗೆ ಗೊತ್ತಿರಲಿಲ್ಲ. ಆಯಿ ಮೊದಲು ಸಹನಾಳ ಬಾಯಿಯನ್ನು ತನ್ನ ಸೆರಗಿನಿಂದ ಒರೆಸಿ, ಹಣೆಗೆ ಕೈಯಿಟ್ಟು ನೋಡಿ, ಆಮೇಲೆ ಕುಕ್ಕರುಗಾಲಲ್ಲಿ ಕೂತು ನೆಲ ಬಳಿಯತೊಡಗಿದಳು. ಸಹನಾ ಬಿಳಿಚಿದ ಮುಖದಿಂದ ಆಯಿಯ ಕೂದಲು ನೋಡಿದಳು, ಜೆಸ್ಸಿಕಾಳ ಕೂದಲು ನೋಡಿದಳು. "ಯಾರಕಿ?" ಎಂದು ಕೇಳಿದಳು. ಅಷ್ಟೇ. ಇಡೀ ವರ್ಗ ಇವರ ಕಡೆಗೇ ನೋಡುತ್ತಿತ್ತು. ಆಯಿ ಎನ್ನುವುದು ಜೆಸ್ಸಿಕಾಳ ನಾಲಗೆಯ ಮೇಲೆ ತಯಾರಾಗಿ ಕೂತಿತ್ತು, ಆ ಎನ್ನುವ ಅಕ್ಷರ ಹೊರಗೂ ಬಂದಿತ್ತು. ಯಕಾರಕ್ಕೆ ಗುಡಿಸು ಕೊಟ್ಟರೆ ಆಯಿ, ಇಳಿ ಕೊಟ್ಟರೆ ಆಯಾ. ದಿನವೂ ಆ ನೆಲ ಗುಡಿಸುವವಳಿಗೆ ಅವಳು ಗುಡಿಸು ಕೊಡದೆ ಇಳಿ ಕೊಟ್ಟಳು. "ಆಯಾ," ಎಂದಳು. ಬೂದಿಯ ಮೇಲೆ ಆಯಿಯ ಕೈ ಒಂದು ಕ್ಷಣ ನಿಂತಿತು, ಮತ್ತೆ ಬಳಿಯಿತು.

ಮರುದಿನದಿಂದ ಆಯಿ ಅವಳ ಜಡೆ ಹಾಕುವುದನ್ನು ಬಿಟ್ಟಳು. ಹಾಕು ಎಂದು ಇವಳೂ ಕೇಳಲಿಲ್ಲ. ಆ ಕೂದಲಿಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ನೆತ್ತಿಗೆ ಅಂಟುವಂತೆ ಹೆಣೆಯುವುದಕ್ಕೆ ಮುಕ್ಕಾಲು ತಾಸು ಹಿಡಿಯುತ್ತಿತ್ತು, ಆ ಮುಕ್ಕಾಲು ತಾಸು ಆಯಿಯ ಎರಡು ಮೊಣಕಾಲುಗಳ ನಡುವೆ ಕೂತು ಇವಳು ಪಾಠ ಒಪ್ಪಿಸುವುದಿತ್ತು. ಶಾಲೆಯಲ್ಲಿ ಆಯಿ ಅವಳೆದುರು ಬರುವುದನ್ನೇ ತಪ್ಪಿಸಿದಳು. ಎದುರಾದರೆ "ಸರೀರಿ ಬಾಯಿ, ನೀರ ಹೊಂಟಾವ" ಎನ್ನುವಳು, ಬೇರೆಯವರ ಮಕ್ಕಳಿಗೆ ಹೇಳುವಂತೆ. ಆ ಒಂದು ರೀ ಜೆಸ್ಸಿಕಾಳನ್ನು ರಾತ್ರಿಯೆಲ್ಲ ಕುಟುಕುತ್ತಿತ್ತು. ಆಯಿ ಅತ್ತಿದ್ದರೆ, ಕೆನ್ನೆಗೆ ಬಾರಿಸಿದ್ದರೆ, ಅಪ್ಪನಿಗೆ ಹೇಳಿ ಬೈಸಿದ್ದರೆ ಒಂದು ಕಡೆ ಮುಗಿಯುತ್ತಿತ್ತು. ಆಯಿ ಅವಳ ಸುಳ್ಳಿಗೆ ತಾನೂ ಒಂದು ಹೆಗಲು ಕೊಟ್ಟು ಹೊತ್ತಂತೆ ಕಂಡಿತು. ಎಂಟನೆಯ ಇಯತ್ತೆಯ ನಡುವೆ ಜೆಸ್ಸಿಕಾ "ನನಗ ತಲಿಗೆ ಹತ್ತವಲ್ಲದು" ಎಂದು ಪಾಟೀಚೀಲ ಗೂಟಕ್ಕೆ ಹಾಕಿದಳು. ತಲೆಗೆ ಎಲ್ಲವೂ ಹತ್ತುತ್ತಿತ್ತು, ಗಣಿತ ಕೂಡ. ಗೋವಾದಲ್ಲಿ ಮನೆಗೆಲಸಕ್ಕಿದ್ದ ಅವ್ವ ಡಿಸೆಂಬರಿನ ನತಾಲ ಹಬ್ಬಕ್ಕೆ ಬಂದಾಗ ಬೈದಳು, ಆಯಿ ಆ ಚೀಲವನ್ನು ಗೂಟದಿಂದ ಇಳಿಸಿ ಒಳಗಿನ ಪುಸ್ತಕ ತೆಗೆದು ಜೋಡಿಸಿಟ್ಟಳು, ಅಷ್ಟೇ. ಅದಕ್ಕೂ ಮೊದಲು, ಏಳನೆಯ ಇಯತ್ತೆಯಲ್ಲಿರುವಾಗಲೇ, ಕೇರಿಯ ಅಂತೋನಿ ಕಾಕಾ ಒಮ್ಮೆ ದಾರಿಯಲ್ಲಿ ತಡೆದು, "ಸಾಲ್ಯಾಗ ಎಲ್ಲಾರ ಮುಂದ ಹಂಗ ಅಂದಿಯಂತಲ್ಲ, ಭೇಷ್," ಎಂದು ಬೆನ್ನು ತಟ್ಟಿದ್ದ. ಇಷ್ಟು ಕ್ರೂರವಾಗಿ ಚುಚ್ಚಲು ಅಂತೋನಿ ಕಾಕಾನಿಗೂ ಬರುತ್ತದಲ್ಲ ಎಂದು ಅವಳಿಗೆ ಆಶ್ಚರ್ಯವಾಗಿತ್ತು. ಅಂದಿನಿಂದ ಅವನ ಮನೆಯ ಮುಂದೆ ಹಾಯುವುದನ್ನೂ ಬಿಟ್ಟಿದ್ದಳು.

ಒರೆಸಿ, ಪೌಡರು ಹಾಕಿ, ಅಂಗಿಯ ಗುಂಡಿ ಹಾಕಿದಳು. ಕಿಟಕಿಯ ಆಚೆ ಮಂಗಟ್ಟೆಯೊಂದು ಭಾರವಾದ ರೆಕ್ಕೆ ಬಡಿಯುತ್ತ ಕಾಳಿ ಹೊಳೆಯ ಕಡೆಗೆ ಹೋಯಿತು, ಸಿಸ್ಟರ್ ಆ ಸದ್ದಿಗೆ ತಲೆಯೆತ್ತಿದರು. ಸಿಸ್ಟರ್ ಲವೀನಾ ಔಷಧದ ಡಬ್ಬಿ ಹಿಡಿದು ಬಂದು, "ಅಜ್ಜಿ ಬರ್ತಾರಲ್ಲ ಇವತ್ತು? ಆ ಶಬ್ದದ ವಿಷಯ ಹೇಳ್ತೀಯೇನು ಅವರಿಗೆ?" ಎಂದು ನಕ್ಕು ಹೋದರು. ಅವರು ಈ ಮನೆಯ ಮುಖ್ಯಸ್ಥೆ, ಗೋವಾದ ಕಡೆಯವರು. ಅಪ್ಪನಿಂದ ಒಂದಿಷ್ಟು ಪೋರ್ಚುಗೀಸ್ ಕಲಿತವರು. ಹೋದ ವಾರ ಜೆಸ್ಸಿಕಾಳೇ ಅವರನ್ನು ಕೇಳಿದ್ದಳು. ಕೇಳಬೇಕೆಂದು ಹದಿನೈದು ದಿನ ಬಾಗಿಲ ತನಕ ಹೋಗಿ ಹೋಗಿ ತಿರುಗಿ ಬಂದಿದ್ದಳು. "ಸಿಸ್ಟರ್, ಅವರು ನನ್ನ ಆಯಾ ಅಂತಾರಲ್ರಿ, ಅದು ನಮ್ಮ ಕನ್ನಡದ ಆಯಾ ಏನ್ರಿ? ಕನ್ನಡ ಎಲ್ಲಾ ಮರತಾರ, ಅದೊಂದ ಹೆಂಗ ಉಳೀತು?" ಸಿಸ್ಟರ್ ಲವೀನಾ ಒಂದು ಗಳಿಗೆ ಅವಳನ್ನೇ ನೋಡಿದರು, ಈ ಹುಡುಗಿ ಇಷ್ಟು ಉದ್ದದ ಮಾತು ಆಡಿದ್ದನ್ನು ಅವರು ಕೇಳಿರಲಿಲ್ಲ. ಪಿಲಾರರ ಟ್ರಂಕಿನಿಂದ ಇಟ್ಟಿಗೆಯಷ್ಟು ದಪ್ಪದ ಎರಡು ನಿಘಂಟು ತೆಗೆದು, ಒಂದು ಕೈಯಲ್ಲಿ ಫೋನು ಹಿಡಿದು, ಇವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹುಡುಕಿದರು.

"ಕನ್ನಡದ್ದಲ್ಲ ಇದು, ಅವರದ್ದೇ. ಸ್ಪ್ಯಾನಿಷಿನಲ್ಲಿ ಆಯಾ ಅಂದ್ರೆ ದೊಡ್ಡ ಮನೆಯಲ್ಲಿ ಮಕ್ಕಳನ್ನು ಬೆಳೆಸುವವಳು. ಬರೀ ಎತ್ತಿಕೊಳ್ಳೋದಲ್ಲ, ಮಾತು ಕಲಿಸೋದು, ನಡತೆ ಕಲಿಸೋದು. ಪಿಲಾರ್ ಸಿಸ್ಟರಿಗೆ ಸಣ್ಣಂದಿನಲ್ಲೇ ಅಮ್ಮ ಇರಲಿಲ್ಲ, ಬೆಳೆಸಿದವಳು ಒಬ್ಬ ಆಯಾ ಅಂತ ನನಗೆ ಹೇಳಿದ್ದರು. ನಿನ್ನನ್ನು ಆಕೆ ಅಂತ ತಿಳಿದಿದ್ದಾರೆ." ಬೆರಳು ಸಾಲಿನ ಮೇಲೆ ಸರಿಯಿತು. "ಪೋರ್ಚುಗೀಸರಲ್ಲೂ ಇದೇ ಶಬ್ದ. ಅವರ ಹಡಗು ಹತ್ತಿ ಗೋವಾಕ್ಕೆ ಬಂತು, ಅಲ್ಲಿಂದ ನಮ್ಮ ಶಾಲೆ, ಆಸ್ಪತ್ರೆ ಎಲ್ಲಾ ಕಡೆ ಹರಡಿತು. ಇದರ ತಾಯಿ ಯಾರು ಅನ್ನೋದಕ್ಕೆ ಮಾತ್ರ ಜಗಳ ಇದೆ ನೋಡು. ಒಬ್ಬ ಪಂಡಿತ ಅಂತಾನೆ, ಹಳೇ ಲ್ಯಾಟಿನ್ನಿನ ಆವಿಯಾ ಅಂತ. ಆವಿಯಾ ಅಂದ್ರೆ ಅಜ್ಜಿ."

"ಅಜ್ಜಿ?"

"ಹೂಂ. ಇನ್ನೊಬ್ಬ ಅಂತಾನೆ, ಅಲ್ಲವೇ ಅಲ್ಲ, ಗಾಥರು ಅಂತ ಒಂದು ಜನ ಇತ್ತು, ಅವರ ಮಾತಿನಲ್ಲಿ ಕಾಯುವವ ಅಂತ ಇತ್ತು, ಅದರಿಂದ ಬಂತು ಅಂತ."

"ಖರೇ ಯಾವುದ್ರಿ?"

"ಇಬ್ಬರೂ ಮೊದಲಿಗೆ ಬಹುಶಃ ಅಂತ ಹಾಕಿದ್ದಾರೆ," ಎಂದು ಸಿಸ್ಟರ್ ಲವೀನಾ ಪುಸ್ತಕ ಮುಚ್ಚಿದ್ದರು.

ಬಹುಶಃ. ಕೇರಿಗೆ ವರ್ಷಕ್ಕೊಮ್ಮೆಯಾದರೂ ಬರುವ ಪುಸ್ತಕ ಬರೆಯುವ ಜನರೂ ಹೀಗೇ ಎನ್ನುತ್ತಿದ್ದರು. ನಿಮ್ಮ ಹಿರಿಯರು ಆಫ್ರಿಕಾದ ಈ ಕರಾವಳಿಯವರು, ಬಹುಶಃ. ಪೋರ್ಚುಗೀಸರ ಹಡಗಿನಲ್ಲಿ ಗೋವಾಕ್ಕೆ ಬಂದು, ತಪ್ಪಿಸಿಕೊಂಡು ಈ ಕಾಡು ಸೇರಿದವರು, ಬಹುಶಃ. ಒಬ್ಬರು ಸಣ್ಣ ಕೊಳವೆಯಲ್ಲಿ ಎಲ್ಲರ ಉಗುಳನ್ನೂ ತುಂಬಿಕೊಂಡು ಹೋಗಿದ್ದರು. ಇನ್ನೊಬ್ಬರು ಆಯಿಯ ಮುಂದೆ ಕೂತು ಬಹಳ ಗೌರವದಿಂದ "ನೀವು ಎಲ್ಲಿಂದ ಬಂದಿರಿ?" ಎಂದು ಕೇಳಿದ್ದರು. "ಹಳ್ಳದಿಂದ ಬಂದ್ನಿ, ಬಟ್ಟಿ ಒಕ್ಕೊಂಡು," ಎಂದಿದ್ದಳು ಆಯಿ, ಬುಟ್ಟಿ ತೋರಿಸುತ್ತ. ಅವರು ಅದನ್ನೂ ಬರೆದುಕೊಂಡಿದ್ದರು. ಹಾಗಾದರೆ ಈ ಶಬ್ದವೂ ತಮ್ಮ ಹಾಗೆಯೇ, ಅದೇ ಹಡಗಿನ ತಳದಲ್ಲಿ ಎಲ್ಲೋ ಮುದುಡಿ ಕೂತು ಬಂದಿರಬೇಕು, ಇಳಿದ ಮೇಲೆ ತನ್ನ ಅಜ್ಜಿ ಯಾರೆಂದು ಮರೆತಿರಬೇಕು ಎಂದುಕೊಂಡಾಗ ಜೆಸ್ಸಿಕಾಳಿಗೆ ಅದರ ಮೇಲೆ ಮೊದಲ ಸಲ ಅಕ್ಕರೆ ಹುಟ್ಟಿತ್ತು. ಆ ರಾತ್ರಿ ಮಲಗಿದಾಗ ಎದೆ ಹಗುರಾಗಿತ್ತು. ಆಯಾ ಎಂದರೆ ಅಜ್ಜಿ. ಅವತ್ತು ತಾನು ಅಂದದ್ದೂ ಅದನ್ನೇ ಅಲ್ಲವೆ? ಆಯಿ ಬಂದಾಗ ಹೇಳಬೇಕು, ನೋಡು ಆಯಿ, ನಾನು ಸುಳ್ಳು ಹೇಳಿರಲಿಲ್ಲ, ಬೇರೆ ದೇಶದ ಮಾತಿನಲ್ಲಿ ಖರೆಯನ್ನೇ ಹೇಳಿದ್ದೆ ಎಂದು. ಬೆಳಗಾಗುವಷ್ಟರಲ್ಲಿ ಆ ಹಗುರು ಹೋಗಿತ್ತು. ಶಬ್ದದ್ದು ಏನೂ ತಪ್ಪಿಲ್ಲ, ಸರಿ. ಅದನ್ನು ಆಡುವಾಗ ತನ್ನ ಹಲ್ಲಿನ ಹಿಂದೆ ಏನಿತ್ತೋ ಅದು ಯಾವ ನಿಘಂಟಿನಲ್ಲಿಯೂ ಇಲ್ಲ. ಲ್ಯಾಟಿನ್ನಿನ ಅಜ್ಜಿಯ ಸೆರಗಿನ ಹಿಂದೆ ಅಡಗಿಕೊಂಡು ತನ್ನ ಅಜ್ಜಿಗೆ ಮುಖ ತೋರಿಸುವುದೆ? ಹೇಳುವುದಾದರೆ ಬರೀ ಅಂದದ್ದನ್ನು ಹೇಳಬೇಕು. ಅದು ಈ ಒಂಬತ್ತು ವರ್ಷದಲ್ಲಿ ಆಗಿರಲಿಲ್ಲ.

ಒಂದು ಗಂಟೆಯ ಸುಮಾರಿಗೆ ಗಂಜಿಯ ಬಟ್ಟಲು ತರಲು ಅಡಿಗೆಮನೆಯ ಕಡೆ ಹೋದವಳಿಗೆ ಪಡಸಾಲೆಯಲ್ಲೇ ಆಯಿಯ ದನಿ ಕೇಳಿಸಿತು. ಗೇಟಿನಿಂದ ನೇರ ಅಡಿಗೆಮನೆಗೇ ಬಂದಿದ್ದಳು, ಮುಂಬಾಗಿಲಿನಿಂದ ಬಂದು ಅಭ್ಯಾಸವಿಲ್ಲ. ಮಾಲವ್ವ ಎದ್ದು ಗಂಟು ಇಳಿಸಿಕೊಳ್ಳುತ್ತಿದ್ದಳು.

"ಬರ್ರಿ ಆಯಿ, ಏನ್ ಇಷ್ಟ ದೊಡ್ಡ ಗಂಟು? ಇಲ್ಲೇ ಸಂಸಾರ ಹೂಡಾವ್ರೇನು?"

"ನಿನ್ನ ಸಾರು ಉಂಡು ಬದಕೂದು ನನ್ನ ಕೈಲಿ ಆಗೂದಿಲ್ಲವ್ವಾ. ನೀರ ಕೊಡು ಮೊದಲ. ಆ ಬಸ್ಸಿನ್ಯಾಗ ಕುಂದ್ರಿಸಿ ತರೂದಿಲ್ಲ, ಕುಟ್ಟಿ ತರತಾರ."

"ನಿಮ್ಮ ಮೊಮ್ಮಗಳು ಇಲ್ಲಿ ಬಂದು ಇಷ್ಟ ತಿಂಗಳಾತು, ಇಪ್ಪತ್ತ ಮಾತ ಆಡಿದ್ದ ನಾ ಕೇಳಿಲ್ಲ ನೋಡ್ರಿ. ಹುಟ್ಟಿದಾಗಿಂದ ಹಿಂಗನೋ, ನಡುವ ಯಾರರೆ ಹೆದರಿಸ್ಯಾರೋ?"

"ಮಾತು ಕಡಿಮಿ ಅಕೀದು. ಆದ್ರ ಆಡಬೇಕಾದಲ್ಲಿ ಆಡತಾಳ." ಆಯಿ ಲೋಟ ಕೆಳಗಿಟ್ಟ ಸದ್ದಾಯಿತು. "ಏಳನೇತ್ತದಾಗ ಇದ್ಲು. ನಾ ಅದ ಸಾಲ್ಯಾಗ ಕಸಾ ಹೊಡೀತಿದ್ನಿ. ಒಂದ ದಿನ ಯಾರೋ ದೊಡ್ಡವರ ಮಗಳು ಕೇಳಿದ್ಲು, ಯಾರಕಿ ಈ ಹೆಂಗಸ ಅಂತ. ನನ್ನ ಕೈತುಂಬ ಹೊಲಸು. ಇಡೀ ವರ್ಗ ನೋಡಾಕ ಹತ್ತೇತಿ. ನಮ್ಮ ಪೋರಿ ಒಂದ ಮಾತಿನ್ಯಾಗ ಅಂದ್ಲು, ಆಯಿ ಅಂತ. ತಲಿ ಎತ್ತಿ ಅಂದ್ಲು. ನೀ ಇದ್ದಿದ್ರ ಅಂತಿದ್ದಿ ಏನು? ನಾ ಇದ್ದಿದ್ರೂ ಅಂತಿರಲಿಲ್ಲ."

"ಏ, ಭಾಳ ಧೈರ್ಯ ಆತ್ರಿ," ಎಂದಳು ಮಾಲವ್ವ.

ಪಡಸಾಲೆಯ ಗೋಡೆಗೆ ಬೆನ್ನು ತಾಗಿಸಿಕೊಂಡು ಜೆಸ್ಸಿಕಾ ನಿಂತೇ ಇದ್ದಳು. ಸುಣ್ಣದ ತಂಪು ರವಿಕೆಯ ಮೂಲಕ ಬೆನ್ನಿಗೆ ಹತ್ತುತ್ತಿತ್ತು. ಅಂತೋನಿ ಕಾಕಾ ಬೆನ್ನು ತಟ್ಟಿದ ಕೈ, ಆ ಭೇಷ್, ಅದು ಭೇಷ್ ಎಂದೇ ಆಗಿತ್ತು. ಶಾಲೆಯಲ್ಲಿ ಅದಾದ ದಿನ ರಾತ್ರಿ ಅಪ್ಪ ಕೋಳಿಯ ತೊಡೆಯ ತುಂಡನ್ನು ತನ್ನ ತಾಟಿನಿಂದ ಎತ್ತಿ ಅವಳ ತಾಟಿಗೆ ಹಾಕಿದ್ದ, ಯಾಕೆಂದು ಹೇಳಿರಲಿಲ್ಲ. ಅವಳು ಅದನ್ನು ನಾಯಿಗೆ ಹಾಕಿದ್ದಳು. ಹಾಗಾದರೆ ಆಯಿಗೆ ಕೇಳಿಸಿಯೇ ಇರಲಿಲ್ಲ. ಬೂದಿ ಬಳಿಯುವ ಸದ್ದಿನಲ್ಲಿ ಕೊನೆಯ ಅಕ್ಷರ ತೇಯ್ದು ಹೋಗಿ ಆಯಿ ಎಂದೇ ಕೇಳಿಸಿತ್ತು. ಒಂಬತ್ತು ವರ್ಷ ಇಡೀ ಕೇರಿ ಅವಳನ್ನು ಅವಳಲ್ಲದವಳೊಬ್ಬಳೆಂದು ತಿಳಿದು ಮೆಚ್ಚಿಕೊಂಡಿತ್ತು. ಇದು ಸಂತೋಷವೋ ಇನ್ನೂ ದೊಡ್ಡ ಶಿಕ್ಷೆಯೋ ಅವಳಿಗೆ ತಿಳಿಯಲಿಲ್ಲ. ಸುಮ್ಮನಿದ್ದುಬಿಟ್ಟರೆ ಆಯಿಗೆ ಮೊಮ್ಮಗಳ ಆ ಧೈರ್ಯ ಕೊನೆಯ ತನಕ ಉಳಿಯುತ್ತದೆ. ಸುಮ್ಮನಿದ್ದರೆ ಆಯಿ ಕರೆಯುವ ಪ್ರತಿ ಸಲವೂ, ಆ ಕರೆಗೆ ಓಗೊಡುವವಳು ಬೇರೆ ಯಾರೋ.

ಕೋಣೆಯಲ್ಲಿ ಆಯಿ ಗಂಟು ಬಿಚ್ಚಿದಳು. ಕೌದಿ. ಹಳೆ ಬಟ್ಟೆಯ ತುಂಡು ಜೋಡಿಸಿ ತಾನೇ ಆರು ತಿಂಗಳು ಕೂತು ಹೊಲಿದದ್ದು, ನಾಲ್ಕು ಮೂಲೆಗೂ ಬಟ್ಟೆಯ ಹೂ ಮಡಿಚಿಟ್ಟದ್ದು. ಸಿಸ್ಟರಿಗೆ ಹೊದಿಸಿ, ಮಂಚದ ಸುತ್ತ ಒಂದು ಸುತ್ತು ಹೋಗಿ ಎಲ್ಲ ಕಡೆ ಎಳೆದು ಸರಿಮಾಡಿದಳು. "ಬಾಯಿ, ನಾನ್ರಿ, ರೋಜಿನಾ," ಎಂದಳು ಕೊಂಕಣಿಯಲ್ಲಿ, ಆಮೇಲೆ ಕನ್ನಡದಲ್ಲಿ. ಸಿಸ್ಟರ್ ಮುಖ ನೋಡಿ ನಕ್ಕರು. ಯಾರೆಂದು ತಿಳಿಯಲಿಲ್ಲ, ಆದರೆ ನಗುವವರಿಗೆ ನಗಬೇಕೆಂಬುದು ಮರೆತಿರಲಿಲ್ಲ. ಅವರ ಬೆರಳು ಕೌದಿಯ ಮೇಲೆ ತಿರುಗಾಡಿ ಒಂದು ನೀಲಿ ತುಂಡಿನ ಮೇಲೆ ನಿಂತಿತು. ಜೆಸ್ಸಿಕಾ ಅದನ್ನು ಗುರುತಿಸಿದಳು. ಅವಳ ಶಾಲೆಯ ಸ್ಕರ್ಟಿನದು. ಒಂದು ನೆರಿಗೆಯ ಗೆರೆ ಇನ್ನೂ ಕಾಣುತ್ತಿತ್ತು. ಗಂಜಿ ನಾಲ್ಕು ಚಮಚ ಹೋಯಿತು. ಐದನೆಯದಕ್ಕೆ ಸಿಸ್ಟರಿಗೆ ಕೂತಲ್ಲೇ ನಿದ್ದೆ ಬಂತು. ಆಯಿ ಸ್ಟೂಲಿನ ಮೇಲೆ ಕೂತು ಕೌದಿಯ ಅಂಚಿನಲ್ಲಿ ಉಳಿದ ದಾರವೊಂದನ್ನು ಹಲ್ಲಿನಿಂದ ಕಡಿದಳು.

"ಆಯಿ," ಎಂದಳು ಜೆಸ್ಸಿಕಾ. "ನಾ ಅವತ್ತ ಆಯಿ ಅಂದಿರಲಿಲ್ಲ."

ಆಯಿ ಇನ್ನೊಂದು ದಾರ ಹುಡುಕಿದಳು.

"ಆಯಾ ಅಂದಿದ್ನಿ."

ಆಯಿ ದಾರವನ್ನು ಕಡಿದು, ನಾಲಗೆಯ ತುದಿಯಿಂದ ಅದನ್ನು ತೆಗೆದು, ಬೆರಳಿಗೆ ಸುತ್ತಿದಳು. "ನನಗ ಕಿವಿ ಛಲೋ ಅದಾವ, ಪೋರಿ," ಎಂದಳು.

ಜೆಸ್ಸಿಕಾ ಗಂಜಿಯ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮತ್ತೆ ಕೈಗೆತ್ತಿಕೊಂಡಳು. "ಕೇಳಿಸಿತ್ತ?"

"ಮೂರು ಮೊಳದಾಗ ಕುಂತಿದ್ನಿ. ಹೆಂಗ ಕೇಳಸೂದಿಲ್ಲ?"

"ಮತ್ತ ಎಲ್ಲಾರಿಗೂ..."

"ಮನಿಗೆ ಹೋದ್ವಿ. ನೀ ಉಣ್ಣಾಕ ಬರವಲ್ಲಿ. ನಿಮ್ಮಪ್ಪ ಕೇಳಿದ, ಏನಾತು ಸಾಲ್ಯಾಗ ಅಂತ. ಏನರೆ ಹೇಳಬೇಕಲ್ಲ ಅಂವಗ. ಹಂಗ ಆಗಿತ್ತು ಅಂತ ಹೇಳಿದ್ನಿ. ಹೇಳಿದಾಗ ಛಲೋ ಅನಸ್ತು." ಆಯಿ ಸಿಸ್ಟರರ ತಲೆಯ ಕೆಳಗಿನ ದಿಂಬನ್ನು ಒಂದಿಷ್ಟು ಎತ್ತಿ ಕೂರಿಸಿದಳು. "ಮರದಿನಾ ಅಂತೋನಿಗೂ ಹೇಳಿದ್ನಿ. ಒಂಬತ್ತ ವರ್ಷ ಹೇಳೇನಿ. ಈಗ ನೀ ಬಂದು ಕೆಡಸಬ್ಯಾಡ."

"ಹಂಗಾರ ನನಗ ಬಾಯಿ ಅಂತ ಯಾಕ ಅಂತಿದ್ದಿ? ಜಡಿ ಹಾಕೂದು ಯಾಕ ಬಿಟ್ಟಿ?" ದನಿ ಅವಳು ಅಂದುಕೊಂಡಿದ್ದಕ್ಕಿಂತ ಸಣ್ಣದಾಗಿ, ಏಳನೆಯ ಇಯತ್ತೆಯ ಹುಡುಗಿಯದಾಗಿ ಬಂತು.

"ಸಿಟ್ಟಿತ್ತು. ಯಾಕ, ನನಗ ಸಿಟ್ಟ ಬರಬಾರದೇನು? ಎಂಟ ದಿನ ಇತ್ತು. ಆಮ್ಯಾಲೆ ನೀ ನನ್ನ ಕಂಡರ ಓಡತಿದ್ದಿ. ಬಾಚಣಿಕಿ ಹಿಡಕೊಂಡ ನಿನ್ನ ಬೆನ್ನ ಹತ್ತಬೇಕಾಗಿತ್ತೇನು, ಈ ಮೊಣಕಾಲಿನ್ಯಾಗ?"

ಎಂಟು ದಿನ. ಜೆಸ್ಸಿಕಾ ಮನಸ್ಸಿನಲ್ಲಿ ಆ ಎಂಟು ದಿನಗಳನ್ನು ಹುಡುಕಿದಳು, ಅವು ಮುಗಿದ ದಿನ ಯಾವುದಿರಬಹುದು, ಆ ದಿನ ತಾನು ಎಲ್ಲಿ ಅಡಗಿದ್ದೆ, ಕೊಟ್ಟಿಗೆಯ ಹಿಂದೆಯೆ, ಹಳ್ಳದ ದಂಡೆಯಲ್ಲೆ. ಅಲ್ಲಿಂದ ಎದ್ದು ಬಂದು ಆಯಿಯ ಮೊಣಕಾಲ ನಡುವೆ ಕೂತಿದ್ದರೆ ಸಾಕಿತ್ತೆ? ನಗು ಬರುವಂತಾಗಿ ಕಣ್ಣು ತುಂಬಿತು. ಹೇಳಬಾರದೆಂದು ಒಳಗೆ ಒತ್ತಿಟ್ಟಿದ್ದ ಮಾತು, ಈಗ ಅದಕ್ಕೆ ಯಾರನ್ನೂ ಬಚಾವು ಮಾಡುವ ಕೆಲಸ ಇಲ್ಲವಾದ್ದರಿಂದ, ತಾನಾಗಿ ಹೊರಗೆ ಬಂತು.

"ಆಯಿ, ಆ ಶಬ್ದ ಐತೆಲಾ, ಸ್ಪೇನದ್ದಂತ ಅದು. ಪುಸ್ತಕದಾಗ ಐತಿ, ಸಿಸ್ಟರ್ ಲವೀನಾ ಓದಿ ಹೇಳಿದ್ರು. ಅದರ ಮೂಲ ತಗದ್ರ, ಅಜ್ಜಿ ಅಂತ ಅರ್ಥ ಅಂತ."

"ಯಾವುದರದ್ದು?"

"ಆಯಾ ಅನ್ನೂದರದ್ದು."

ಆಯಿ ಮಲಗಿದ್ದ ಸಿಸ್ಟರನ್ನು ನೋಡಿದಳು, ಜೆಸ್ಸಿಕಾಳನ್ನು ನೋಡಿದಳು. "ಅಂದ್ರ ಈ ಎಂಬತ್ತೆಂಟರ ಮುದುಕಿ ನಿನಗ ಅಜ್ಜಿ ಅಂತಾಳ?" ಎಂದು ಸೆರಗು ಬಾಯಿಗೆ ತುರುಕಿಕೊಂಡು, ಸದ್ದಾಗದಂತೆ ಮೈಯೆಲ್ಲ ಕುಣಿಸಿ ನಕ್ಕಳು. ಸ್ಟೂಲು ಕಿರುಗುಟ್ಟಿತು.

"ಇನ್ನೊಬ್ಬ ಪಂಡಿತ ಅಲ್ಲ ಅಂತಾನಂತ. ಕಾಯಾಕಿ ಅಂತ ಅರ್ಥ ಅಂತ ಅವಂದು. ಇಬ್ಬರದೂ ಜಗಳ."

"ಇಬ್ಬರೂ ಕೂಡಿ ಒಂದ ದಿನ ಸಾಲಿ ಗುಡಿಸಿದ್ರ ತಿಳೀತಿತ್ತು," ಎಂದಳು ಆಯಿ ಕಣ್ಣು ಒರೆಸಿಕೊಳ್ಳುತ್ತ. ಆಮೇಲೆ ಏನೋ ನೆನಪಾದವಳಂತೆ ಕೈಚಾಚಿ ಜೆಸ್ಸಿಕಾಳ ತಲೆಯನ್ನು ತನ್ನ ಕಡೆ ಎಳೆದು, ರಬ್ಬರಿನಿಂದ ಬಿಗಿದು ಕಟ್ಟಿದ್ದ ಕೂದಲಿಗೆ ಬೆರಳು ಹಾಕಿ, "ಏನಿದು, ಹುಲ್ಲಿನ ಬಣಿವಿ ಹಂಗ? ಎಣ್ಣಿ ಕಂಡಿಲ್ಲೇನ ಇದು? ಬಾಚಣಿಕಿ ಐತಿಲ್ಲೋ ಈ ಮನ್ಯಾಗ?" ಎಂದಳು. ಜೆಸ್ಸಿಕಾ ನೆಲದ ಮೇಲೆ ಕೂತಳು. ಆ ಮೊಣಕಾಲುಗಳು ಮೊದಲಿಗಿಂತ ಚೂಪಾಗಿದ್ದವು. ಆಯಿ ರಬ್ಬರು ಬಿಚ್ಚಿ, ನೆತ್ತಿಯ ನಡುವೆ ಉಗುರಿನಿಂದ ಬೈತಲೆ ಗೆರೆ ಎಳೆದಳು, ಅದು ಸೊಟ್ಟಗೆ ಹೋಯಿತೆಂದು ಬೈದುಕೊಂಡಳು, ಮತ್ತೆ ಎಳೆದಳು. ಪಾಠ ಒಪ್ಪಿಸುವುದೇನೂ ಇರಲಿಲ್ಲ. ಜೆಸ್ಸಿಕಾ ಕಣ್ಣು ಮುಚ್ಚಿಕೊಂಡು, ಎಳೆದ ಕಡೆಗೆ ತಲೆ ಬಾಗಿಸುತ್ತ ಕೂತಿದ್ದಳು.

ಮಂಚದ ಮೇಲೆ ಕೌದಿ ಅಲುಗಾಡಿತು. "ಆಯಾ," ಎಂದರು ಸಿಸ್ಟರ್ ಪಿಲಾರ್, ನಿದ್ದೆಯ ಆಚೆ ದಂಡೆಯಿಂದ.

"ಓ," ಎಂದರು ಇಬ್ಬರೂ ಒಟ್ಟಿಗೆ.

ಆಯಿಯ ಕೈ ಕೂದಲು ಬಿಟ್ಟಿತು. ಶಾಲೆಯ ಮೂವತ್ತು ವರ್ಷದ ಅಭ್ಯಾಸ ಅವಳನ್ನು ಆಗಲೇ ಅರ್ಧ ಎಬ್ಬಿಸಿತ್ತು, ಮೊಣಕಾಲು ಲಟಕ್ಕೆಂದಿತು. ಜೆಸ್ಸಿಕಾ ತಿರುಗಿ ಅವಳ ತೊಡೆಯ ಮೇಲೆ ಕೈಯೂರಿ ಕೂರಿಸಿದಳು, ಅರ್ಧ ಜಡೆ, ಅರ್ಧ ಬಿಚ್ಚುಗೂದಲಿನಲ್ಲಿ ಎದ್ದು ನಿಂತಳು. "ನೀ ಕುಂದ್ರು, ಆಯಿ," ಎಂದಳು. ಬೇಕಾದದ್ದಕ್ಕಿಂತ ಎಷ್ಟೋ ಜೋರಾಗಿ, ಕೊನೆಯ ಅಕ್ಷರವನ್ನು ಎಲ್ಲಿಯೂ ಜಾರದಂತೆ ಹಲ್ಲಿನಲ್ಲಿ ಹಿಡಿದು ಎಂದಳು. ಅಡಿಗೆಮನೆಯಲ್ಲಿ ಮಾಲವ್ವನ ಪಾತ್ರೆಯ ಸದ್ದು ನಿಂತಿತು, ಪಡಸಾಲೆಯಲ್ಲಿ ಹೋಗುತ್ತಿದ್ದ ಸಿಸ್ಟರ್ ಲವೀನಾ ಬಾಗಿಲಲ್ಲಿ ಇಣುಕಿ ನೋಡಿದರು.

"ಮೆಲ್ಲಕ ಅನ್ನು," ಎಂದಳು ಆಯಿ, ಮುಖ ಆ ಕಡೆ ತಿರುಗಿಸಿಕೊಂಡು, ಮಡಿಲಲ್ಲಿ ಬಿದ್ದ ರಬ್ಬರನ್ನು ಹುಡುಕುತ್ತ. "ನನಗ ಕಿವಿ ಛಲೋ ಅದಾವ."